ತಾತನ ಪದ್ಮಿನಿಯನ್ನು ಬಿಚ್ಚುವ ಮುನ್ನ

ಪ್ರಶ್ನೆ: ಹಾಸನದ ಬಳಿಯ ನಮ್ಮ ಊರಿನ ಮನೆಯ ಶೆಡ್ಡಿನಲ್ಲಿ ತಂದೆಯವರ 1983ರ ಪ್ರೀಮಿಯರ್ ಪದ್ಮಿನಿ ಕಾರು ಹನ್ನೊಂದು ವರ್ಷಗಳಿಂದ ನಿಂತಿದೆ. ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಚಾಲೂ ಮಾಡಿಲ್ಲ. ಎಂಟನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ತಾತನ ಕಾರಿನ ಮೇಲೆ ಬಹಳ ಪ್ರೀತಿ. ಅದನ್ನು ಮೈಸೂರಿಗೆ ತಂದು, ಪೂರ್ತಿ ಬಿಚ್ಚಿ, ನಾವಿಬ್ಬರೇ ಸೇರಿ ಹೊಸದರಂತೆ ಮಾಡಬೇಕೆಂದಿದ್ದೇವೆ. ನನಗೆ ಟೈರು ಬದಲಿಸುವುದರ ಆಚೆಗೆ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು? ಮಗಳಿಂದ ಯಾವ ಕೆಲಸ ಮಾಡಿಸಬಹುದು? ಎಂಜಿನ್ ಬದಲಿಸಿ ಎ.ಸಿ. ಹಾಕಿಸುವುದು ಒಳ್ಳೆಯದೇ? ಕಾಗದಪತ್ರಗಳ ಗತಿ ಏನು? ಇನ್ನೊಂದು ವಿಷಯ: ಬಣ್ಣ ಕೆಂಪಾಗಬೇಕೆಂದು ಮಗಳು, ಇದ್ದ ಬಣ್ಣವೇ ಇರಲೆಂದು ನನ್ನ ತಾಯಿ ಹಟ ಹಿಡಿದಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ‘ಪೂರ್ತಿ ಬಿಚ್ಚಿ’ ಎಂಬ ಮಾತಿದೆ. ಉಳಿದ ಎಲ್ಲ ಪ್ರಶ್ನೆಗಳಿಗೂ ಮೊದಲು ಅದಕ್ಕೆ ಉತ್ತರಿಸುತ್ತೇನೆ. ದಯವಿಟ್ಟು ಪೂರ್ತಿ ಬಿಚ್ಚಬೇಡಿ.

ಹಳೆಯ ಕಾರುಗಳನ್ನು ದುರಸ್ತಿ ಮಾಡುತ್ತ ಬಂದ ಇಷ್ಟು ವರ್ಷಗಳಲ್ಲಿ, ಓಡಿಸಿ ಹಾಳಾದ ಕಾರುಗಳಿಗಿಂತ ಬಿಚ್ಚಿ ಹಾಳಾದ ಕಾರುಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಮೊದಲ ತಿಂಗಳು ಉತ್ಸಾಹದಲ್ಲಿ ಸೀಟು, ಬಾಗಿಲು, ಎಂಜಿನ್ ಎಲ್ಲವೂ ಕೆಳಗಿಳಿಯುತ್ತವೆ. ನಟ್ಟು ಬೋಲ್ಟುಗಳು ಬಿಸ್ಕತ್ತಿನ ಡಬ್ಬಗಳನ್ನು ಸೇರುತ್ತವೆ. ಆಮೇಲೆ ಪರೀಕ್ಷೆ ಬರುತ್ತದೆ, ಮಳೆಗಾಲ ಬರುತ್ತದೆ, ಯಾರದೋ ಮದುವೆ ಬರುತ್ತದೆ, ಮತ್ತೆ ಡಬ್ಬ ತೆರೆಯುವ ಹೊತ್ತಿಗೆ ಯಾವ ಬೋಲ್ಟು ಎಲ್ಲಿಯದೆಂದು ಯಾರಿಗೂ ನೆನಪಿರುವುದಿಲ್ಲ. ಒಬ್ಬಂಟಿಯಾಗಿ ಕೆಲಸ ಮಾಡುವವರು ಹೇಗೋ ಹಲ್ಲು ಕಚ್ಚಿ ಮುಗಿಸಿಯಾರು. ಹದಿಮೂರರ ಹುಡುಗಿಗೆ ಎರಡು ವರ್ಷವೆಂದರೆ ಬಹಳ ದೀರ್ಘ ಕಾಲ. ಈ ವಾರ ಮಾಡಿದ ಕೆಲಸದ ಫಲ ಮುಂದಿನ ವಾರವಾದರೂ ಕಾಣದಿದ್ದರೆ ಅವಳು ಶೆಡ್ಡಿನ ಕಡೆಗೆ ತಲೆ ಹಾಕುವುದನ್ನೇ ಬಿಡುತ್ತಾಳೆ, ಅದರಲ್ಲಿ ಅವಳ ತಪ್ಪೇನೂ ಇರುವುದಿಲ್ಲ. ಆದ್ದರಿಂದ ಒಂದು ಸಲಕ್ಕೆ ಒಂದೇ ಭಾಗವನ್ನು ಬಿಚ್ಚಿ, ಅದನ್ನು ಸರಿಪಡಿಸಿ, ಕೂಡಿಸಿ, ಕೆಲಸ ಮಾಡುತ್ತದೆಯೇ ಎಂದು ನೋಡಿದ ಮೇಲಷ್ಟೇ ಮುಂದಿನ ಭಾಗಕ್ಕೆ ಕೈ ಹಾಕಿ. ಯಾವ ದಿನ ನೋಡಿದರೂ ಅದು ಕಾರಾಗಿಯೇ ನಿಂತಿರಬೇಕು. ಕ್ರಮವೂ ಸರಳವಾಗಿದೆ: ಮೊದಲು ಬ್ರೇಕು ಹಿಡಿದು ನಿಲ್ಲಬೇಕು, ಆಮೇಲೆ ಓಡಬೇಕು, ಕೊನೆಗೆ ಹೊಳೆಯಬೇಕು. ಹೆಚ್ಚಿನವರು ಹೊಳಪಿನಿಂದ ಶುರು ಮಾಡಿ ಅಲ್ಲಿಯೇ ದುಡ್ಡು ಮುಗಿಸಿಕೊಳ್ಳುತ್ತಾರೆ.

ನಿಮ್ಮ ಅದೃಷ್ಟಕ್ಕೆ, ಕಲಿಯುವವರಿಗೆ ಪದ್ಮಿನಿಯಷ್ಟು ಒಳ್ಳೆಯ ಗಾಡಿ ಇನ್ನೊಂದಿಲ್ಲ. ಇಟಲಿಯ ಫಿಯೆಟ್ 1100 ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿತ್ತು. 1964ರಲ್ಲಿ 1100 ಡಿಲೈಟ್ ಎಂದು ಬಂದದ್ದು, 1973ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪದ್ಮಿನಿಯಾಯಿತು. ನಮ್ಮಲ್ಲಿ ಇಂದಿಗೂ ಹಳಬರು ಅದನ್ನು ಫಿಯೆಟ್ ಎಂದೇ ಕರೆಯುತ್ತಾರೆ. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್‌ಗಳ ಜಾಲವಿಲ್ಲ. ಇಟಲಿಯ ಮೂಲದ್ದಾದ್ದರಿಂದ ನಟ್ಟು ಬೋಲ್ಟುಗಳೆಲ್ಲ ಮಿಲಿಮೀಟರ್ ಅಳತೆಯವು. ಅಂಬಾಸಿಡರ್‌ಗೆ ಬೇಕಾಗುವ ಇಂಚಿನ ಸ್ಪ್ಯಾನರ್‌ಗಳನ್ನು ಹುಡುಕಬೇಕಾಗಿಲ್ಲ. 8ರಿಂದ 19ರವರೆಗಿನ ರಿಂಗ್ ಸ್ಪ್ಯಾನರ್‌ಗಳ ಒಂದು ಒಳ್ಳೆಯ ಸೆಟ್, ಸಾಕೆಟ್ ಸೆಟ್, ಸಣ್ಣ ಸಂದುಗಳನ್ನು ಅಳೆಯುವ ಫೀಲರ್ ಗೇಜ್, ವಿದ್ಯುತ್ ಅಳೆಯುವ ಮಲ್ಟಿಮೀಟರ್ ಇದ್ದರೆ ಮುಕ್ಕಾಲು ಪಾಲು ಕೆಲಸ ಸಾಗುತ್ತದೆ. ಅಗ್ಗದ ಸ್ಪ್ಯಾನರ್ ಮಾತ್ರ ತರಬೇಡಿ; ಅದು ನಟ್ಟಿನ ಮೂಲೆ ಸವೆಸುತ್ತದೆ, ಸವೆದ ನಟ್ಟು ಮಕ್ಕಳ ಉತ್ಸಾಹವನ್ನು ಸವೆಸುತ್ತದೆ.

ಮಗಳಿಗೆ ಮೊದಲ ದಿನವೇ ಒಂದು ಲೆಕ್ಕ ಕೊಡಿ. ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್‌ಗಳಿವೆ, ಪ್ರತಿಯೊಂದರ ವ್ಯಾಸ 68 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ಅವಳ ಗಣಿತದ ಪುಸ್ತಕದಲ್ಲಿದ್ದೀತು, ಇಲ್ಲದಿದ್ದರೆ ನೀವೇ ಹೇಳಿಕೊಡಿ. ಗುಣಿಸಿದರೆ ಒಂದು ಸಿಲಿಂಡರಿಗೆ ಸುಮಾರು 272 ಘನ ಸೆಂಟಿಮೀಟರ್, ನಾಲ್ಕಕ್ಕೆ 1089 ಬರುತ್ತದೆ. ಕಾಗದಪತ್ರಗಳಲ್ಲಿ ಬರೆದಿರುವ 1089 ಸಿ.ಸಿ. ಎಂಬ ಅಂಕಿ ಇದೇ. ಎಂದಾದರೂ ಸಿಲಿಂಡರನ್ನು ಅರ್ಧ ಮಿಲಿಮೀಟರ್ ಬೋರ್ ಮಾಡಿಸಬೇಕಾಗಿ, ಅಂದರೆ ಕೊರೆದು ವ್ಯಾಸವನ್ನು ಅಷ್ಟು ಹಿಗ್ಗಿಸಬೇಕಾಗಿ ಬಂದರೆ ಅದು ಎಷ್ಟಾಗುತ್ತದೆ ಎಂದು ಕೇಳಿ. 1105ರ ಆಸುಪಾಸು ಬಂದರೆ ಅವಳ ಲೆಕ್ಕ ಸರಿ.

ಕಾರನ್ನು ಮೈಸೂರಿಗೆ ಸಾಗಿಸುವ ಮುಂಚೆ ಊರಿನ ಶೆಡ್ಡಿನಲ್ಲಿಯೇ ಒಂದು ದಿನ ತುಕ್ಕಿನ ಪರೀಕ್ಷೆ ಮಾಡಿ. ಪದ್ಮಿನಿಗೆ ಜೀಪಿನ ಹಾಗೆ ಭಾರ ಹೊರುವ ಬೇರೆ ಅಡಿಚೌಕಟ್ಟು, ಅಂದರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ತಳದ ತಗಡು ತಿಂದುಹೋಗಿದ್ದರೆ ಅದು ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಗಾಡಿಯ ಬಲವೇ ಹೋಗಿರುತ್ತದೆ. ರಬ್ಬರ್ ಮ್ಯಾಟುಗಳನ್ನೆಲ್ಲ ಎತ್ತಿ ನೆಲವನ್ನು ನೋಡಿ. ಬಾಗಿಲುಗಳ ಕೆಳಗಿನ ಪೆಟ್ಟಿಗೆಯಂಥ ಅಂಚು, ಹಿಂದಿನ ಪಟ್ಟೆ ಸ್ಪ್ರಿಂಗುಗಳು ಬಾಡಿಗೆ ಸೇರುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಭಾಗ, ಬ್ಯಾಟರಿಯ ತಟ್ಟೆ, ಗಾಜಿನ ಬೀಡಿಂಗಿನ ಮೂಲೆಗಳು ಇವಿಷ್ಟನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡಿನ ಸದ್ದು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮೆತ್ತಗೆ ದಬ್ ಎನ್ನುತ್ತದೆ. ಮಕ್ಕಳ ಕಿವಿ ಈ ವ್ಯತ್ಯಾಸವನ್ನು ನಮಗಿಂತ ಬೇಗ ಹಿಡಿಯುತ್ತದೆ. ದಬ್ ಎಂದ ಜಾಗಕ್ಕೆಲ್ಲ ಅವಳು ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆಯಲಿ. ಗುರುತುಗಳು ನೆಲದಲ್ಲಿ ಮಾತ್ರ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಸ್ಪ್ರಿಂಗ್ ಸೇರುವ ಜಾಗವೂ ಬಾಗಿಲ ಕೆಳಗಿನ ಅಂಚುಗಳೂ ಎರಡೂ ಕಡೆ ಹೋಗಿದ್ದರೆ, ತಗಡಿನ ಕೆಲಸ ಮಾಡುವ ಒಬ್ಬ ಅನುಭವಿ ಟಿಂಕರ್‌ಗೆ ತೋರಿಸದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಪುಟ್ಟಿ ಮೆತ್ತಿ ಮುಚ್ಚಿಕೊಡುತ್ತೇನೆ ಎನ್ನುವವರ ಬಳಿ ಹೋಗಲೇಬೇಡಿ.

ಈಗ ಬ್ರೇಕು. ಹನ್ನೊಂದು ವರ್ಷ ನಿಂತ ಗಾಡಿಯಲ್ಲಿ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡು ಮಾಸ್ಟರ್ ಸಿಲಿಂಡರನ್ನೂ ಚಕ್ರಗಳ ಸಿಲಿಂಡರ್‌ಗಳನ್ನೂ ಒಳಗಿನಿಂದ ತುಕ್ಕು ಹಿಡಿಸಿರುತ್ತದೆ, ರಬ್ಬರ್ ಕಪ್ಪುಗಳು ಬಿರುಸಾಗಿರುತ್ತವೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಸಿಲಿಂಡರ್‌ಗಳ ಒಳಮೈ ಗೀರಿದ್ದರೆ ಒಳಗಿನ ರಬ್ಬರುಗಳ ಕಿಟ್ ಮಾತ್ರ ಹಾಕಿ ನಡೆಸುವ ಯೋಚನೆ ಬಿಟ್ಟು ಹೊಸ ಸಿಲಿಂಡರುಗಳನ್ನೇ ತನ್ನಿ. ರಬ್ಬರ್ ಹೋಸುಗಳನ್ನಂತೂ ನೋಡಲು ಚೆನ್ನಾಗಿದ್ದರೂ ಬದಲಿಸಿ. ಡ್ರಮ್ ತೆಗೆದಾಗ ಒಳಗಿರುವ ಕಪ್ಪು ಪುಡಿಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಆ ಕಾಲದ ಬ್ರೇಕ್ ಲೈನರ್‌ಗಳಲ್ಲೂ ಕ್ಲಚ್ ಪ್ಲೇಟಿನಲ್ಲೂ ಆಸ್ಬೆಸ್ಟಾಸ್ ಬಳಸುತ್ತಿದ್ದರು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗ್ಯಾರೇಜುಗಳಲ್ಲಿ ಮಾಡುವಂತೆ ಗಾಳಿ ಹೊಡೆದು ಊದಬೇಡಿ. ಮಗಳನ್ನು ದೂರ ಕಳಿಸಿ, ನೀವು ಮಾಸ್ಕ್ ಕಟ್ಟಿಕೊಂಡು, ನೀರು ಸಿಂಪಡಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಡ್ರಮ್ ಶುಚಿಯಾದ ಮೇಲೆ ಅವಳು ಬರಲಿ.

ಏಕೆಂದರೆ ಮುಂದಿನ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಹೊಸ ಆಯಿಲ್ ತುಂಬಿ ಬ್ರೇಕಿನ ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡಬೇಕು, ನಮ್ಮವರು ಇದನ್ನು ಏರ್ ತೆಗೆಯುವುದು ಎನ್ನುತ್ತಾರೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ, ಅಂದರೆ ಎಡಗಡೆಯ ಹಿಂದಿನ ಚಕ್ರದಿಂದ ಶುರು ಮಾಡಿ. ಮಗಳು ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ‘ಒತ್ತಿದೆ’ ಎನ್ನಬೇಕು. ನೀವು ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲ್ಲಿಗೆ ಒಂದು ಸಣ್ಣ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿಟ್ಟು ನಿಪ್ಪಲ್ ಸಡಿಲಿಸಿದಾಗ ಗುಳ್ಳೆಗಳು ಬಾಟಲಿಗೆ ಬರುತ್ತವೆ. ನೀವು ನಿಪ್ಪಲ್ ಬಿಗಿದು ‘ಬಿಡು’ ಎಂದ ಮೇಲಷ್ಟೇ ಅವಳು ಕಾಲೆತ್ತಬೇಕು. ಅರ್ಧ ಕ್ಷಣ ಮುಂಚೆ ಎತ್ತಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ, ಕೆಲಸ ಮೊದಲಿನಿಂದ. ಮೊದಲ ಚಕ್ರಕ್ಕೆ ನಿಮಗೆ ಒಂದು ಗಂಟೆ ಹಿಡಿಯಬಹುದು, ಒಂದೆರಡು ಮಾತೂ ಬರಬಹುದು. ನಾಲ್ಕನೆಯದಕ್ಕೆ ಹತ್ತು ನಿಮಿಷ ಸಾಕು. ಸ್ಪಂಜಿನಂತಿದ್ದ ಪೆಡಲು ಕಾಲ ಕೆಳಗೆ ಕಲ್ಲಿನಂತೆ ಗಟ್ಟಿಯಾಗುವುದು ಮೊದಲು ಗೊತ್ತಾಗುವುದು ಅವಳಿಗೆ. ಇಡೀ ಕಾರಿನಲ್ಲಿ ತಂದೆ ಮಗಳಿಗೆ ಇದಕ್ಕಿಂತ ಒಪ್ಪುವ ಕೆಲಸ ಇಲ್ಲವೆಂದೇ ನನ್ನ ಅಭಿಪ್ರಾಯ, ಆದ್ದರಿಂದಲೂ ಬ್ರೇಕಿನಿಂದ ಶುರು ಮಾಡಿ ಎನ್ನುತ್ತೇನೆ. ಬ್ರೇಕ್ ಆಯಿಲ್ ಬಣ್ಣವನ್ನು ಕಿತ್ತುಹಾಕುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಇಬ್ಬರೂ ಕೈಗವಸು ಹಾಕಿಕೊಳ್ಳಿ.

ಎಂಜಿನ್ನಿನ ವಿಷಯದಲ್ಲಿ ಆತುರ ಪಡಬೇಡಿ. ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆದು ನೋಡೋಣ ಎಂದು ಯಾರಾದರೂ ನೆಂಟರು ಸಲಹೆ ಕೊಡುತ್ತಾರೆ, ಕೇಳಬೇಡಿ. ತುಕ್ಕು ಹಿಡಿದು ಅಂಟಿಕೊಂಡ ಪಿಸ್ಟನ್ ರಿಂಗುಗಳು ಆ ಒಂದು ಎಳೆತಕ್ಕೆ ಮುರಿದಾವು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಕಾಯಿರಿ. ಆಮೇಲೆ ಎಂಜಿನ್ನಿನ ಮುಂಭಾಗದಲ್ಲಿ ಕೆಳಗಿರುವ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ನಿಧಾನವಾಗಿ ತಿರುಗಿಸಿ. ಪೂರ್ತಿ ಎರಡು ಸುತ್ತು ತಡೆಯಿಲ್ಲದೆ ತಿರುಗಿದರೆ ಎಂಜಿನ್ ಬಿಚ್ಚುವ ಅಗತ್ಯ ಬಹುಶಃ ಇಲ್ಲ. ಹಳೆಯ ಆಯಿಲ್ ಇಳಿಸಿ ಹೊಸ 20ಡಬ್ಲ್ಯು-50 ದರ್ಜೆಯ ಎಂಜಿನ್ ಆಯಿಲ್ ತುಂಬಿ, ಪ್ಲಗ್ ಇಲ್ಲದೆಯೇ ಸೆಲ್ಫ್ ತಿರುಗಿಸಿ ಆಯಿಲ್ ಎಲ್ಲ ಕಡೆ ಏರುವಂತೆ ಮಾಡಿ, ರೇಡಿಯೇಟರ್ ತೊಳೆದು ಕೂಲೆಂಟ್ ಹಾಕಿದ ಮೇಲೆ ಸ್ಟಾರ್ಟ್ ಮಾಡಲು ನೋಡಿ. ಬರೀ ನೀರು ಬೇಡ. ಈ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯುಮಿನಿಯಮ್ಮಿನದು. ಒಮ್ಮೆ ಅತಿಯಾಗಿ ಬಿಸಿಯಾದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ, ಪದ್ಮಿನಿಯ ಮಾಲೀಕರಿಗೆಲ್ಲ ಇದು ಹಳೆಯ ತಲೆನೋವು. ಕೂಲೆಂಟ್ ರುಚಿಗೆ ಸಿಹಿಯಾಗಿದ್ದು ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಪ್ರಾಣಾಪಾಯ ತರುವಂಥದ್ದು, ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ.

ಟ್ಯಾಂಕಿನಲ್ಲಿ ಉಳಿದಿರುವ ಪೆಟ್ರೋಲನ್ನು ಯಾವ ಕಾರಣಕ್ಕೂ ಬಳಸಬೇಡಿ. ಅದು ವಾರ್ನಿಷ್ ವಾಸನೆಯ ಅಂಟಾಗಿರುತ್ತದೆ. ಮೊದಲ ಸಲ ಹೊರಗಿನ ಕ್ಯಾನಿನಿಂದ ಹೊಸ ಪೆಟ್ರೋಲ್ ಕೊಟ್ಟು ಎಂಜಿನ್ ಎಬ್ಬಿಸಿ. ಟ್ಯಾಂಕನ್ನು ಆಮೇಲೆ ಇಳಿಸಿ ತೊಳೆಸಿ. ತೂತಿದ್ದರೆ ಬೆಸುಗೆ ಮಾತ್ರ ಮನೆಯಲ್ಲಿ ಮಾಡಿಸಬೇಡಿ, ಖಾಲಿ ಟ್ಯಾಂಕಿನೊಳಗಿನ ಆವಿಯೇ ಸಿಡಿಯುತ್ತದೆ. ಇನ್ನೊಂದು ಸಮಸ್ಯೆ ನಿಮ್ಮ ತಂದೆಯವರ ಕಾಲದಲ್ಲಿ ಇರಲಿಲ್ಲ. 2023ರಿಂದ ನಮ್ಮ ಬಂಕುಗಳಿಗೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿತು, ಈಗ ಹೆಚ್ಚಿನ ಕಡೆ ಅದೇ ಸಿಗುವುದು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ನೀರನ್ನು ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಪೆಟ್ರೋಲ್ ಹೋಸುಗಳು, ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರಿನ ರಬ್ಬರ್ ಮತ್ತು ಗ್ಯಾಸ್ಕೆಟ್ಟುಗಳು ಎಲ್ಲವನ್ನೂ ಎಥನಾಲ್ ತಡೆಯುವ ಗುಣಮಟ್ಟದವನ್ನೇ ಕೇಳಿ ತನ್ನಿ. ಬಿಸಿ ಎಂಜಿನ್ನಿನ ಮೇಲೆ ಹಳೆಯ ಹೋಸು ಸೋರಿದರೆ ಆಗುವುದು ಬೆಂಕಿ, ಆದ್ದರಿಂದ ಕೆಲಸದ ಜಾಗದಲ್ಲಿಯೂ ಕಾರಿನಲ್ಲಿಯೂ ಒಂದೊಂದು ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಗಾಡಿ ಸಿದ್ಧವಾದ ಮೇಲೂ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ.

ಮಗಳಿಂದ ಏನು ಮಾಡಿಸಬಹುದು ಎಂದಿರಿ. ನಮ್ಮ ಗ್ಯಾರೇಜುಗಳ ಪದ್ಧತಿಯಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ವರ್ಷವೆಲ್ಲ ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುವುದು, ಕೇಳಿದ ಸ್ಪ್ಯಾನರ್ ಕೊಡುವುದು, ಚಹಾ ತರುವುದು ಇಷ್ಟೇ ಕೆಲಸ. ನಾನೂ ಹಾಗೆಯೇ ಕಲಿತವನು. ಹೊಟ್ಟೆಪಾಡಿಗೆ ಬಂದವನು ಅದನ್ನು ಸಹಿಸಿಕೊಳ್ಳುತ್ತಾನೆ, ನಿಮ್ಮ ಮಗಳು ಮೂರು ಭಾನುವಾರಕ್ಕಿಂತ ಹೆಚ್ಚು ಸಹಿಸಲಾರಳು, ಸಹಿಸಬೇಕಾಗಿಯೂ ಇಲ್ಲ. ಆದ್ದರಿಂದ ಒಂದು ಇಡೀ ವಿಭಾಗವನ್ನು ಅವಳಿಗೇ ಒಪ್ಪಿಸಿ. ನನ್ನ ಆಯ್ಕೆ ವೈರಿಂಗ್. ಹನ್ನೆರಡು ವೋಲ್ಟಿನಲ್ಲಿ ಶಾಕ್ ಹೊಡೆಯುವ ಭಯವಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟರೆ ಶಾರ್ಟ್ ಆಗುವ ಭಯವೂ ಇಲ್ಲ. ಇಲಿ ಕಡಿದ ತಂತಿಗಳನ್ನು ಮಲ್ಟಿಮೀಟರ್ ಹಿಡಿದು ಹುಡುಕುವುದು, ನಕ್ಷೆ ಬರೆಯುವುದು, ಹಾರ್ನು, ಇಂಡಿಕೇಟರು, ವೈಪರುಗಳನ್ನು ಒಂದೊಂದಾಗಿ ಬದುಕಿಸುವುದು ಇವೆಲ್ಲ ಅವಳ ಕೈಯಲ್ಲಿ ನಡೆಯಲಿ, ನೀವು ಅವಳ ಸಹಾಯಕರಾಗಿರಿ. ಸೋಲೆಕ್ಸ್ ಕಾರ್ಬ್ಯುರೇಟರನ್ನು ಒಂದು ಬಿಳಿ ತಟ್ಟೆಯ ಮೇಲೆ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ತೊಳೆದು, ಬಿಚ್ಚಿದ ಕ್ರಮದಲ್ಲಿಯೇ ಕೂಡಿಸುವುದೂ ಸಣ್ಣ ಬೆರಳುಗಳಿಗೆ ಹೇಳಿ ಮಾಡಿಸಿದ ಕೆಲಸ. ಅದನ್ನು ಬಯಲಿನಲ್ಲಿ, ಒಲೆ ದೀಪಗಳಿಂದ ದೂರದಲ್ಲಿ ಮಾಡಿ. ಅವಳು ತಡವರಿಸಿದಾಗ ಸ್ಪ್ಯಾನರ್ ಕಸಿದುಕೊಳ್ಳುವ ಆಸೆ ನಿಮಗಾಗುತ್ತದೆ. ಒಂದು ನಟ್ಟು ತಿರುಪು ತಪ್ಪಿ ಕೂತರೂ ಚಿಂತೆಯಿಲ್ಲ, ಕೈ ಕಟ್ಟಿಕೊಂಡಿರಿ.

ಕೆಲವು ಕೆಲಸಗಳಲ್ಲಿ ಮಾತ್ರ ರಾಜಿ ಇಲ್ಲ. ಸುಮಾರು 900 ಕಿಲೋ ತೂಕದ ಗಾಡಿಯನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ನೀವಾಗಲಿ ಅವಳಾಗಲಿ ಕೆಳಗೆ ಹೋಗಕೂಡದು. ಗಟ್ಟಿ ನೆಲ, ಉಕ್ಕಿನ ಸ್ಟ್ಯಾಂಡುಗಳು, ಚಕ್ರಗಳಿಗೆ ಅಡ್ಡಗಲ್ಲು ಇರಲೇಬೇಕು. ಇಟ್ಟಿಗೆ ನಂಬಬೇಡಿ, ಅದು ಮುನ್ಸೂಚನೆ ಕೊಡದೆ ಸೀಳುತ್ತದೆ. ಮುಂದಿನ ಸುರುಳಿ ಸ್ಪ್ರಿಂಗುಗಳನ್ನು ಬಿಚ್ಚುವುದು, ಗ್ಯಾಸ್ ಬೆಸುಗೆ, ಸ್ಪ್ರೇ ಪೇಂಟ್ ಮೂರನ್ನೂ ಕಸುಬುದಾರರಿಗೆ ಬಿಡಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಒಣ ಉಪ್ಪುಕಾಗದದಿಂದ ಉಜ್ಜುವ ಕೆಲಸಕ್ಕೂ ಅವಳನ್ನು ಹಚ್ಚಬೇಡಿ.

ಎಂಜಿನ್ ಬದಲಾವಣೆ ಬೇಡ. ಕಾನೂನಿನ ಪ್ರಕಾರ ಗಾಡಿಯ ಮೂಲ ವಿವರಗಳನ್ನು ಸಾರಿಗೆ ಕಚೇರಿಯ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಅಲ್ಲದೆ 2021ರ ನಿಯಮಗಳ ಪ್ರಕಾರ ವಿಂಟೇಜ್ ವಾಹನವೆಂದು ನೋಂದಣಿಯಾಗಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಿಮ್ಮ ಕಾರಿಗೆ ಆ ವಯಸ್ಸು ತುಂಬುವುದು 2033ಕ್ಕೆ. ಅಂದು ನಿಮ್ಮ ಮಗಳಿಗೆ ಆ ದಾರಿ ಬೇಕೆನಿಸಿದರೆ ಇಂದಿನ ಎಂಜಿನ್ ಬದಲಾವಣೆ ಅಡ್ಡ ಬರುತ್ತದೆ. ಎ.ಸಿ.ಯ ಕಂಪ್ರೆಸರನ್ನು ಎಳೆಯಲು ಸುಮಾರು 40 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಬಲವೂ ಇಲ್ಲ, ರೇಡಿಯೇಟರಿಗೆ ತಾಳ್ಮೆಯೂ ಇಲ್ಲ. ಸ್ಟೀರಿಂಗಿನ ಮೇಲಿನ ಗೇರನ್ನು ನೆಲಕ್ಕಿಳಿಸಬೇಕೆಂದು ಕೆಲವರು ಹೇಳಿಯಾರು. ಆ ಕಾರಿನ ಸೊಗಸೇ ಅದರಲ್ಲಿದೆ, ಸವೆದ ಬುಷ್ಷುಗಳನ್ನು ಬದಲಿಸಿದರೆ ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ನಾನು ಒಪ್ಪುವ ಬದಲಾವಣೆ ಸೀಟ್ ಬೆಲ್ಟ್ ಒಂದೇ. ಅದನ್ನು ಬರೀ ತಗಡಿಗೆ ಬೋಲ್ಟು ಹಾಕಿ ನಿಲ್ಲಿಸದೆ, ಹಿಂದೆ ಉಕ್ಕಿನ ಪಟ್ಟಿ ಬೆಸೆದು ಬಲಪಡಿಸಿ ಹಾಕಿಸಿ.

ಕಾಗದಪತ್ರಗಳನ್ನು ಮೊದಲ ನಟ್ಟು ಬಿಚ್ಚುವ ಮುಂಚೆಯೇ ನೋಡಿಕೊಳ್ಳಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ನಿಮ್ಮದು ಖಂಡಿತ ಮುಗಿದಿದೆ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31, ನವೀಕರಣಕ್ಕೆ ಫಾರಂ 25. ಹಳೆಯ ಗಾಡಿಗಳ ದಾಖಲೆ ಕೆಲವೊಮ್ಮೆ ಕಂಪ್ಯೂಟರಿಗೆ ಏರಿರುವುದಿಲ್ಲ, ಅದನ್ನು ಏರಿಸಲು ಅಲೆದಾಟ ಇದೆ. ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಗಾಡಿಯ ಮೇಲಿನವುಗಳಿಗೆ ಹೊಂದುತ್ತವೆಯೇ ಎಂದು ಮಗಳಿಂದಲೇ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಸಿ ನೋಡಿ. ಹಾಗೆಯೇ, ಗಾಡಿ ಓಡತೊಡಗಿದ ದಿನ ಅವಳು ‘ನಾನೊಂದು ರೌಂಡ್’ ಎನ್ನುತ್ತಾಳೆ. ಅಪ್ರಾಪ್ತರು ರಸ್ತೆಯಲ್ಲಿ ಓಡಿಸಿ ಅಪರಾಧವಾದರೆ, ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಪೋಷಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ಇದೆ, ಗಾಡಿಯ ನೋಂದಣಿಯೂ ಒಂದು ವರ್ಷ ರದ್ದಾಗುತ್ತದೆ. ಅಂಗಳದಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಹಕ್ಕು ಅವಳದ್ದಾಗಿರಲಿ.

ಸಾಮಾನುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಸುತ್ತಿ, ಶಿವಾಜಿನಗರದ ಗುಜರಿಯನ್ನೂ ನೋಡಿ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ, ಹೆಸರು ಹೇಳಿ ಕೇಳಿದರೆ ಬೇರೇನೋ ಕೊಡುತ್ತಾರೆ. ಮುಂಬಯಿಯ ಟ್ಯಾಕ್ಸಿಗಳಾಗಿ ಪದ್ಮಿನಿಗಳು 2023ರ ಅಕ್ಟೋಬರ್‌ವರೆಗೂ ಓಡಿದ್ದರಿಂದ ಯಾಂತ್ರಿಕ ಭಾಗಗಳಿಗೆ ಅಷ್ಟು ಬರವಿಲ್ಲ. ಸಿಗದೆ ಸತಾಯಿಸುವುದು ಬೀಡಿಂಗು, ಹಿಡಿಕೆ, ದೀಪದ ಗಾಜುಗಳು. ಇವು ಮುರಿಯದಂತೆ ಕಾಪಾಡಿಕೊಳ್ಳಿ. ಖರ್ಚಿನಲ್ಲಿ ದೊಡ್ಡ ಪಾಲು ಟಿಂಕರಿಂಗು, ಪೇಂಟಿಗೇ ಹೋಗುತ್ತದೆ. ಹಾಕಿದ ದುಡ್ಡು ಮಾರಾಟದಲ್ಲಿ ವಾಪಸು ಬರುತ್ತದೆಂಬ ಲೆಕ್ಕ ಇಟ್ಟುಕೊಳ್ಳಬೇಡಿ. ಆಯುಧ ಪೂಜೆಗೆ ತಯಾರಾಗಲೇಬೇಕು ಎಂಬಂಥ ಗಡುವೂ ಬೇಡ. ಶೆಡ್ಡಿನಲ್ಲಿ ನಿಂತಲ್ಲಿಯೇ ಪೂಜೆ ಮಾಡಿದರೆ ಯಾರೂ ಬೇಡವೆನ್ನುವುದಿಲ್ಲ.

ಉಳಿದದ್ದು ಬಣ್ಣದ ಜಗಳ. ಬೇರೆ ಬಣ್ಣ ಬಳಿಸಿದರೆ ಆರ್‌ಸಿಯಲ್ಲಿ ತಿದ್ದುಪಡಿ ಮಾಡಿಸಬೇಕು, ಅದು ದೊಡ್ಡ ತೊಡಕಲ್ಲ. ನನ್ನ ಒಲವು ನಿಮ್ಮ ತಾಯಿಯವರ ಕಡೆಗಿದೆ, ಆದರೆ ತೀರ್ಪು ಕೊಡುವ ಹೊತ್ತು ಇನ್ನೂ ಬಂದಿಲ್ಲ. ಬಣ್ಣ ಕೊನೆಯ ಕೆಲಸ. ಅಷ್ಟರಲ್ಲಿ ನಿಮ್ಮ ಮಗಳು ಆ ಗಾಡಿಯ ಮೇಲೆ ಒಂದೆರಡು ವರ್ಷ ದುಡಿದಿರುತ್ತಾಳೆ, ಅವಳ ಮಾತಿಗೆ ಆಗ ತೂಕ ಬೇರೆಯೇ ಇರುತ್ತದೆ. ಈಗ ಹೀಗೆ ಮಾಡಿ. ಹಿಂದಿನ ಸೀಟನ್ನು ಎತ್ತಿ, ಬಿಸಿಲು ಬೀಳದ ಜಾಗದ ತಗಡನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ 1983ರ ಅಸಲಿ ಬಣ್ಣ ಕಾಣುತ್ತದೆ. ಆಮೇಲೆ ಬಾನೆಟ್ಟಿನ ಮೇಲೆ ಒಂದಡಿ ಚೌಕದಷ್ಟು ಜಾಗವನ್ನು ಮಗಳೇ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತಗೆ ಉಜ್ಜಿ ಪಾಲಿಶ್ ಮಾಡಲಿ, ಮುಗಿದ ಮೇಲೆ ಅಜ್ಜಿಯನ್ನು ಶೆಡ್ಡಿಗೆ ಕರೆತಂದು ತೋರಿಸಲಿ.